ಕಾಣುವ ಕಣ್ಣು, ಕಾಯುವ ಕಣ್ಣು

ಹುಬ್ಬಳ್ಳಿಯಲ್ಲಿ ಬೆಳೆದ ನಮಗೆ ರೈಲು ಚಾಲಕರ ಬದುಕು ಹೊಸದಲ್ಲ. ನಮ್ಮ ಸೋದರಮಾವನವರು ಮೂವತ್ತು ವರುಷಗಳಿಗೂ ಮಿಕ್ಕಿ ಎಂಜಿನ್ ನಡೆಸಿದವರು. ಅಪರಾತ್ರಿಯಲ್ಲಿ ಕಾಲ್‌ಬಾಯ್ ಬಂದು ಬಾಗಿಲು ತಟ್ಟಿದನೆಂದರೆ ಅತ್ತೆಯವರು ಎದ್ದು ರೊಟ್ಟಿಯ ಬುತ್ತಿ ಕಟ್ಟುತ್ತಿದ್ದರು. ಮರುದಿನ ಮಾವನವರು ಹಗಲಿನಲ್ಲಿ ಮಲಗಿದ್ದನ್ನು ಕಂಡು, “ಸರಕಾರದ ಸಂಬಳ, ಹಗಲು ನಿದ್ದೆ” ಎಂದು ನಗೆಯಾಡಿದವರಲ್ಲಿ ನಾವೂ ಒಬ್ಬರು. ಆ ಮಾತಿಗಾಗಿ ಇಂದು ನಾಚುತ್ತೇವೆ.

ಈಗ ಅವರ ಮಗನೂ ಅದೇ ವೃತ್ತಿಯಲ್ಲಿದ್ದಾನೆ. 2025ರ ಶ್ರಾವಣದಲ್ಲಿ ಅವರ ಮನೆಗೆ ಪ್ರಸಾದಕ್ಕೆ ಹೋದಾಗ ಅವನ ಮುಖ ಬಾಡಿತ್ತು. ಸುಮಾರು 15,000 ಎಂಜಿನ್‌ಗಳಿಗೆ ಕ್ಯಾಮೆರಾ ಹಾಕುವ ಯೋಜನೆಯನ್ನು ರೈಲ್ವೆ ಇಲಾಖೆಯು ಆ ಜುಲೈನಲ್ಲಿ ಪ್ರಕಟಿಸಿತ್ತು. ಹೊರಗಡೆಗಷ್ಟೇ ಅಲ್ಲದೆ, ಚಾಲಕರು ಕೂಡುವ ಕೋಣೆಯೊಳಗೂ ಕ್ಯಾಮೆರಾ, ಅವರ ಮೇಜಿನ ಮೇಲೆ ಮೈಕು.

“ಅಪ್ಪಾ, ನಾವು ಕುಂತದ್ದು, ನಿಂತದ್ದು, ಮಾತಾಡಿದ್ದು ಎಲ್ಲಾ ದಾಖಲಾಗತೈತಿ. ನಮ್ಮ ಮ್ಯಾಲೆ ನಂಬಿಕಿ ಇಲ್ಲಂತ ಅಲ್ಲೇನು?” ಎಂದು ಅವನು ಕೇಳಿದ.

ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಸಿಗ್ನಲ್ ಕಂಡ ಕೂಡಲೆ ನಾನೂ ನನ್ನ ಸಹಾಯಕನೂ ಅದರ ಬಣ್ಣ ಕೂಗಿ ಹೇಳತಿದ್ವಿ. ನಡುರಾತ್ರಿ ಕೇಳಾಕ ಯಾರಿದ್ರು? ಕೆಲಸಾ ನೋಡಿದ್ರ ನೋಡ್ಲಿ, ಅದಕ್ಕ ಅಂಜಬ್ಯಾಡ. ಆದ್ರ ಮನುಷ್ಯಾನ ಮಾನಕ್ಕ ಕೈ ಹಚ್ಚಬಾರದು.”

ಈ ಎರಡು ಮಾತುಗಳನ್ನು ನಾವು ಬಹಳ ದಿನ ತೂಗಿ ನೋಡಿದೆವು. ಚಾಲಕನ ಕಾಯಕವು ಹಿಂದಿನಿಂದಲೂ ಪರೀಕ್ಷೆಗೆ ಒಳಪಟ್ಟದ್ದೇ. ಕೆಲಸಕ್ಕೆ ಹಾಜರಾಗುವಾಗ ಉಸಿರಿನ ತಪಾಸಣೆಯುಂಟು. ಗಾಡಿಯ ವೇಗವನ್ನು ಯಂತ್ರವು ದಾಖಲಿಸುತ್ತದೆ. ಸಾವಿರಾರು ಜೀವಗಳನ್ನು ಹೊತ್ತವನಿಗೆ ಇದು ಭಾರವಲ್ಲ. ಅಮೆರಿಕೆಯ ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿ 2008ರ ಸೆಪ್ಟೆಂಬರ್ 12ರಂದು ಮೊಬೈಲಿನಲ್ಲಿ ಸಂದೇಶ ಕಳಿಸುವುದರಲ್ಲಿ ಮುಳುಗಿದ್ದ ಚಾಲಕನೊಬ್ಬ ಕೆಂಪು ಸಿಗ್ನಲ್ ದಾಟಿದ್ದರಿಂದ 25 ಜನ ಪ್ರಾಣ ತೆತ್ತರು. ಅಲ್ಲಿಯೂ ಆ ಬಳಿಕ ಎಂಜಿನ್ನಿನೊಳಗೆ ಕ್ಯಾಮೆರಾ ಬಂದಿತು. ಚಾಲಕರ ಸಂಘವು ಅದನ್ನು ವಿರೋಧಿಸಿ ನ್ಯಾಯಾಲಯಕ್ಕೆ ಹೋಯಿತು. ಒಬ್ಬನ ಮೈಮರೆವಿಗೆ ಇಷ್ಟು ಬೆಲೆಯಿರುವಾಗ ಕಾಣುವ ಕಣ್ಣೊಂದು ಬೇಡವೆನ್ನಲು ನಮಗೆ ಬಾಯಿ ಬಾರದು.

ಆದರೆ ಇನ್ನೊಂದು ಮಗ್ಗುಲೂ ಇದೆ. ನಮ್ಮ ದೇಶದ ಬಹಳಷ್ಟು ಎಂಜಿನ್‌ಗಳಲ್ಲಿ ಇಂದಿಗೂ ಶೌಚದ ಅನುಕೂಲವಿಲ್ಲ. ತಾಸುಗಟ್ಟಲೆ ತಡೆದುಕೊಳ್ಳಬೇಕೆಂದು ನೀರನ್ನೇ ಕಡಿಮೆ ಕುಡಿಯುವವರಿದ್ದಾರೆ. ಹೆಣ್ಣುಮಕ್ಕಳೂ ಎಂಜಿನ್ ನಡೆಸುತ್ತಿರುವ ಈ ದಿನಗಳಲ್ಲಿ ಅವರ ಪಾಡನ್ನು ಹೇಳುವುದೇ ಬೇಡ. ಊಟಕ್ಕೂ ದೇಹಬಾಧೆಗೂ ನಿಗದಿತ ಬಿಡುವು ಕೊಡುವುದು ಸಾಧ್ಯವಿಲ್ಲವೆಂದು 2025ರ ಏಪ್ರಿಲ್‌ನಲ್ಲಿ ರೈಲ್ವೆ ಮಂಡಳಿಯ ತೀರ್ಮಾನ ಹೊರಬಿತ್ತು. ಕ್ಯಾಮೆರಾದಿಂದ ಚಾಲಕರ ಖಾಸಗಿತನಕ್ಕೆ ಧಕ್ಕೆಯಿಲ್ಲವೆಂದೂ ಅದರಲ್ಲಿಯೇ ಹೇಳಲಾಯಿತು. ಬುತ್ತಿ ಬಿಚ್ಚಲು ಬಿಡುವಿಲ್ಲದವನ ತುತ್ತನ್ನು ಕ್ಯಾಮೆರಾ ಮಾತ್ರ ಕಾಣುವುದಾದರೆ, ಅದು ಕಾಣುವ ಕಣ್ಣಾದೀತೇ ಹೊರತು ಕಾಯುವ ಕಣ್ಣಾಗಲಾರದು. ಅವನು ತಪ್ಪಿದಾಗ ಹಿಡಿಯುವ ಕಣ್ಣು, ಅವನು ದಣಿದಾಗಲೂ ಗುರುತಿಸಬೇಕು. ಆಗ ಆ ಹುಡುಗನಿಗೆ ನಂಬಿಕೆಯ ಪ್ರಶ್ನೆಯೇ ಏಳಲಾರದು.

ಇಲಾಖೆಗೆ ಹೇಳುವಷ್ಟು ದೊಡ್ಡವರು ನಾವಲ್ಲ. ಆದರೆ ನಮ್ಮ ಮನೆಗಳಿಗೆ ಹೇಳಬಲ್ಲೆವು. ಗಾಡಿ ನಡೆಸುವಾಗ ಅವನು ಫೋನು ಎತ್ತಲಿಲ್ಲವೆಂದು ಮುನಿಯದಿರೋಣ. ಹಗಲು ಮಲಗಿದವನ ಬಾಗಿಲನ್ನು ಮೆಲ್ಲನೆ ಮುಂದೆ ಮಾಡೋಣ. ಮಾವನವರ ಮನೆಯಲ್ಲಿ ಆ ದಿನ ಪ್ರಸಾದ ಮುಗಿದ ಮೇಲೆ ಹುಡುಗ ಒಳಗೆ ಹೋಗಿ ಮಲಗಿದ. ರಾತ್ರಿ ಅವನಿಗೆ ಗಾಡಿಯಿತ್ತು. ಹಿಂದೆ ನಗೆಯಾಡಿದ್ದ ನಾವು ಈ ಬಾರಿ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳನ್ನು ಕರೆದುಕೊಂಡು ದೂರ ನಡೆದೆವು.