ಹನ್ನೆರಡು ಅಂಕಣದ ಮನೆ

ಮಕ್ಕಳ ಆಟಿಗೆಯ ಸಾಮಾನಿನ ವಿಷಯವಾಗಿ ಬರೆಯಹೊರಟರೆ ಹಿರಿಯರಾದ ವಾಚಕರು ನಕ್ಕಾರು. ಆದರೂ ಕಳೆದ ಬೇಸಗೆಯಲ್ಲಿ ಇಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಡೆದ ಒಂದು ಆಟವು ನಮಗೆ ಕಲಿಸಿದ ಪಾಠವು ಸಣ್ಣದಲ್ಲವಾದುದರಿಂದ, ಸಂಸಾರವಂದಿಗರಾದ ನಾಲ್ಕು ಜನರ ಮುಂದೆ ಅದನ್ನು ಹೇಳಿಕೊಳ್ಳಬೇಕೆಂದು ಮನಸ್ಸಾಗಿದೆ.

ನಮ್ಮ ಚಿರಂಜೀವಿಗೆ ಈಗ ಹತ್ತನೆಯ ವರ್ಷ. ಅವನ ಸೋದರಮಾವನು ಬೆಂಗಳೂರಿನಿಂದ ಬರುವಾಗ ಆಟದ ಇಟ್ಟಿಗೆಗಳದೊಂದು ಪೆಟ್ಟಿಗೆಯನ್ನು ತಂದನು. ಪ್ಲಾಸ್ಟಿಕ್ಕಿನ ಬಣ್ಣಬಣ್ಣದ ತುಣುಕುಗಳು. ಮೇಲ್ಭಾಗದಲ್ಲಿ ಅಂಗಿಯ ಗುಂಡಿಗಳಂತಹ ಉಬ್ಬುಗಳು, ಕೆಳಗೆ ಆ ಉಬ್ಬುಗಳನ್ನು ಬಿಗಿಯಾಗಿ ಹಿಡಿಯುವ ಟೊಳ್ಳು. ಒಂದರ ಮೇಲೊಂದನ್ನಿಟ್ಟು ಒತ್ತಿದರೆ ಗಾರೆಯಿಲ್ಲದೆ ಗೋಡೆ ನಿಲ್ಲುವದು. ಬೇಡವಾದಾಗ ಕಿತ್ತರೆ ಇಟ್ಟಿಗೆಗೆ ಮುಕ್ಕಾಗದು. ಹುಡುಗನು ಎರಡು ದಿನ ಮೋಟಾರು ವಿಮಾನಗಳನ್ನು ಮಾಡಿ ಬೇಸತ್ತು, ಮೂರನೆಯ ದಿನ ಶಾಲೆಯ ಪ್ರವಾಸದಲ್ಲಿ ಕಂಡಿದ್ದ ವಿಜಯಪುರದ ಗೋಲಗುಮ್ಮಟವನ್ನೇ ಕಟ್ಟುವೆನೆಂದು ಹಟ ಹಿಡಿದನು. ಸಹಾಯಕ್ಕೆ ನಾವು ಕುಳಿತೆವು.

ನಾಲ್ಕು ಗೋಡೆಗಳು ಅರ್ಧ ತಾಸಿನಲ್ಲಿ ಎದ್ದವು. ಗುಮ್ಮಟದ ಹತ್ತಿರ ಬಂದಾಗ ನಮ್ಮ ಜಾಣತನವೆಲ್ಲ ಮುಗಿಯಿತು. ಚೌಕದ ಕೋಣೆಯ ಮೇಲೆ ದುಂಡಗಿನ ಗುಮ್ಮಟವನ್ನು ಕೂಡ್ರಿಸಬೇಕಾದರೆ ಚೌಕದಿಂದ ವರ್ತುಲಕ್ಕೆ ಹೋಗುವದೊಂದು ದಾರಿ ಬೇಕಷ್ಟೆ? 1627ರಿಂದ 1656ರ ವರೆಗೆ ಆಳಿದ ಮಹಮ್ಮದ ಆದಿಲಶಾಹನ ಕಾಲದ ಶಿಲ್ಪಿಗಳು, ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿಟ್ಟಂತೆ, ಎಂಟು ಕಮಾನುಗಳನ್ನು ಒಂದರೊಳಗೊಂದು ಹೆಣೆದು ಆ ದಾರಿಯನ್ನು ಮಾಡಿದರು. ಒಳಗೆ ಸುಮಾರು 124 ಅಡಿ ಅಗಲವಾದ ಗುಮ್ಮಟವನ್ನು ನಡುವೆ ಒಂದು ಕಂಬವೂ ಇಲ್ಲದಂತೆ ನಿಲ್ಲಿಸಿದರು. ನಮ್ಮ ಇಟ್ಟಿಗೆಗಳಾದರೋ ನೇರವಾಗಿ ಕೂಡ್ರುವವೇ ಹೊರತು ಓರೆಯಾಗಿ ಕೂಡ್ರಲೊಲ್ಲವು. ಮೂರು ಸಲ ಕಟ್ಟಿ ಮೂರು ಸಲ ಕೆಡವಿದೆವು. ಎಷ್ಟೋ ಸಲ ತಲೆಯೆತ್ತಿ ನೋಡಿ ಹೊಗಳಿ ಬಂದಿದ್ದ ಆ ಕಟ್ಟಡವು ಹೇಗೆ ನಿಂತಿದೆಯೆಂಬುದನ್ನು ನಾವು ವಿಚಾರಿಸಿದ್ದು ಅಂದೇ ಮೊದಲು.

ಇಂತಹ ಆಟವು ಹೊಸದೇನೂ ಅಲ್ಲ. ಜರ್ಮನಿಯ ಫ್ರೋಬೆಲ್ ಎಂಬ ಶಿಕ್ಷಕನು 1837ರಲ್ಲಿ ಬಾದ್ ಬ್ಲಾಂಕೆನ್‌ಬುರ್ಗದಲ್ಲಿ ಎಳೆಯ ಮಕ್ಕಳಿಗಾಗಿ ಶಾಲೆ ತೆರೆದಾಗ, ಕಟ್ಟಿಗೆಯ ಸಣ್ಣ ಚೌಕಗಳನ್ನು ಅವರ ಕೈಗೆ ಕೊಟ್ಟನು. ಮುಂದೆ ರೆಕ್ಕೆ ಕಟ್ಟಿಕೊಂಡು ಗಾಳಿಯಲ್ಲಿ ತೇಲಿ ಹೆಸರಾದ ಒಟ್ಟೊ ಲಿಲಿಯೆಂಥಾಲನೂ ಅವನ ತಮ್ಮನಾದ ಗುಸ್ತಾವನೂ ಮರಳು, ಸೀಮೆಸುಣ್ಣ, ಅಗಸೆಯೆಣ್ಣೆಗಳನ್ನು ಕಲಸಿ ಒತ್ತಿ ಆಟದ ಕಲ್ಲುಗಳನ್ನು ಮಾಡಿದರು. ರುಡೋಲ್‌ಸ್ಟಾಟಿನ ರಿಕ್ಟರ್ ಎಂಬ ವ್ಯಾಪಾರಿಯು ಅವುಗಳನ್ನು ಕೆಂಪು, ಹಳದಿ, ನೀಲಿ ಬಣ್ಣಗಳಲ್ಲಿ ಲೋಕಕ್ಕೆಲ್ಲ ಮಾರಿದನು. ಆ ಕಲ್ಲುಗಳಿಗೆ ಉಬ್ಬುಗಳಿರಲಿಲ್ಲ. ತಮ್ಮ ಭಾರದಿಂದಲೇ ನಿಲ್ಲುತ್ತಿದ್ದವು. ಇಂದಿನ ಉಬ್ಬಿನ ಇಟ್ಟಿಗೆಗೆ ಡೆನ್ಮಾರ್ಕಿನ ಲೆಗೊ ಕಂಪನಿಯವರು ಹಕ್ಕುಪತ್ರವನ್ನು ಕೇಳಿಕೊಂಡದ್ದು 1958ರ ಜನವರಿಯಲ್ಲಿ. ಅದೇ ಕಂಪನಿಯವರು 2008ರಲ್ಲಿ ತಾಜಮಹಲನ್ನು ಕಟ್ಟಲೆಂದು 5,900ಕ್ಕೂ ಮಿಕ್ಕಿದ ತುಣುಕುಗಳ ಪೆಟ್ಟಿಗೆಯನ್ನು ಹೊರಡಿಸಿದರು. ಮೀಸೆ ಬಂದವರೂ ಮೀಸೆ ನೆರೆತವರೂ ರಾತ್ರಿಯೆಲ್ಲ ಕುಳಿತು ಇಂತಹ ಮಂದಿರಗಳನ್ನು ಕಟ್ಟುವರಂತೆ. ನಮ್ಮ ಕಡೆಯ ಮಕ್ಕಳೇನು ಕಡಿಮೆಯೇ? ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂದರೆ, ಎರೆಮಣ್ಣಿನಲ್ಲಿ ಎತ್ತುಗಳನ್ನೂ ಅವುಗಳ ಮುಂದೊಂದು ಗ್ವಾದಲಿಯನ್ನೂ ಮಾಡದ ಕೈ ನಮ್ಮ ಸೀಮೆಯಲ್ಲುಂಟೆ?

ಗುಮ್ಮಟವು ಮೂರನೆಯ ಸಲ ಕುಸಿದಾಗ, ಬಾಗಿಲ ಬಳಿ ಜೋಳ ಹಸನು ಮಾಡುತ್ತ ಕುಳಿತಿದ್ದ ನಮ್ಮ ಮಾತೋಶ್ರೀಯವರು ಮರ ಕೆಳಗಿಟ್ಟು ಅಂದರು:

“ಬಾದಶಹಾನ ಮನೀ ಕಟ್ಟಾಕ ಹತ್ತೀರಿ. ನಮ್ಮ ಮನೀ ಯಾಕ ಕಟ್ಟೂದಿಲ್ಲ?”

“ನಮ್ಮ ಮನೆ” ಎಂದರೆ ಇಂಡಿಯ ಮನೆಯಲ್ಲ. ಅವರ ಬಾಯಲ್ಲಿ ಆ ಮಾತಿಗೆ ಇಂದಿಗೂ ಒಂದೇ ಅರ್ಥ. ಬಸವನ ಬಾಗೇವಾಡಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗೆ ನಮ್ಮದೊಂದು ಹಳ್ಳಿಯಿದ್ದಿತು. ಆಲಮಟ್ಟಿಯ ಆಣೆಕಟ್ಟಿಗೆ ಲಾಲಬಹಾದ್ದೂರ ಶಾಸ್ತ್ರಿಗಳು 1964ರ ಮೇ ತಿಂಗಳಲ್ಲಿ ಅಡಿಗಲ್ಲಿಟ್ಟರು. ಕೆಲಸವು ಪೂರೈಸಿದ್ದು 2005ರಲ್ಲಿ. ನೀರು 519.6 ಮೀಟರಿನ ಮಟ್ಟದ ವರೆಗೆ ನಿಲ್ಲುವದೆಂದಾದಾಗ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳೂ ಎಷ್ಟೋ ಹಳ್ಳಿಗಳೂ ಅದರೊಳಗಾದವು. ನಮ್ಮ ಮನೆಯೂ ಅದರೊಳಗಾಯಿತು. ಆ ನೀರಿನಿಂದ ಬರಗಾಲದ ಸೀಮೆಯು ಹಸಿರಾದುದನ್ನು ನಾವು ಬಲ್ಲೆವು; ಅದಕ್ಕಾಗಿ ನಾವು ಗೊಣಗುವದಿಲ್ಲ. ಆದರೆ ಮನೆಯೊಡನೆ ಮನೆತನವೂ ಒಡೆಯಿತು. ಹಿರಿಯರಾದ ಅಣ್ಣನವರು ಸಿಂದಗಿಗೆ ಹೋದರು. ತಂಗಿಯು ಮದುವೆಯಾಗಿ ಮುದ್ದೇಬಿಹಾಳ ಸೇರಿದಳು. ತಮ್ಮನು ಹೊಸ ಊರಿನಲ್ಲಿ ನಿಂತನು. ನಾವು ತಾಯಿಯವರನ್ನು ಕರೆದುಕೊಂಡು ಇಂಡಿಗೆ ಬಂದೆವು. ಪರಿಹಾರದ ಹಣವನ್ನು ಹಂಚಿಕೊಳ್ಳುವಾಗ ನಮಗೂ ಅಣ್ಣನವರಿಗೂ ಮಾತು ಬಂದಿತು. ಮನೆ ಕೀಳುವಾಗ ತಲೆಬಾಗಿಲನ್ನು, ತೇಗದ ಆ ಜೋಡು ಕದಗಳನ್ನು ಚೌಕಟ್ಟಿನೊಡನೆ, ಯಾರನ್ನೂ ಕೇಳದೆ ಬಂಡಿಯಲ್ಲಿ ಹೇರಿಕೊಂಡು ಹೋದರೆಂಬ ಸಿಟ್ಟು ನಮಗೆ ಹಣಕ್ಕಿಂತ ಹೆಚ್ಚಾಗಿದ್ದಿತು. ಅಂದಿನಿಂದ ಮದುವೆಗೋ ಮಣ್ಣಿಗೋ ಹೋದಾಗ ಮುಖ ನೋಡಿದ್ದಷ್ಟೇ.

ಕಟ್ಟಬೇಕೆಂದೇನೋ ಕುಳಿತೆವು, ಆದರೆ ಏನನ್ನು ನೋಡಿ ಕಟ್ಟಬೇಕು? ಮನೆಯದೊಂದು ಛಾಯಾಚಿತ್ರವುಂಟು, ಅದರಲ್ಲಿ ತಂಗಿಯ ಮದುವೆಯ ಹಂದರವೂ ಬೀಗರ ಮುಖಗಳೂ ಇವೆಯಲ್ಲದೆ ಮನೆಯಿಲ್ಲ. ಇಪ್ಪತ್ತೈದು ವರ್ಷ ಆ ಮನೆಯಲ್ಲಿ ಬಾಳಿದ ನಮಗೆ ಕಂಬಗಳೆಷ್ಟೆಂಬುದೇ ನೆನಪಿರಲಿಲ್ಲ. ಎಂಟು ಎಂದೆವು. ತಾಯಿಯವರು, “ಆರು” ಎಂದರು. ಹೇಗೆ ಬಲ್ಲಿರೆಂದು ಕೇಳಲು, “ವಾರಕ್ಕೊಮ್ಮಿ ಸಾರಸಾಕಿ ನಾನು, ನೀ ಅಲ್ಲಲಾ,” ಎಂದು ನಕ್ಕರು.

ಆರು ಕಂಬಗಳೆಂದಾಗ ಲೆಕ್ಕವು ತಾನಾಗಿಯೇ ಬಿಡಿಸಿತು. ನಮ್ಮ ಕಡೆಯಲ್ಲಿ ಮನೆಯನ್ನು ಅಂಕಣಗಳಿಂದ ಎಣಿಸುವದು ವಾಚಕರಿಗೆ ತಿಳಿದುದೇ. ಅಗಲಕ್ಕೆ ಮೂರು, ಉದ್ದಕ್ಕೆ ನಾಲ್ಕು, ಹೀಗೆ ಹನ್ನೆರಡು ಅಂಕಣಗಳಿದ್ದರೆ ನಡುವೆ ನಿಲ್ಲುವ ಕಂಬಗಳು ಆರೇ. ಅಂಕಣವು ಎಂಟಡಿಯದೆಂದು ತೀರ್ಥರೂಪರು ಹೇಳುತ್ತಿದ್ದರು. ಮಣ್ಣಿನ ಗೋಡೆಗಳು ಎರಡಡಿ ದಪ್ಪ. ಆಟದ ಇಟ್ಟಿಗೆಯಲ್ಲಿ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಸರಿಯಾಗಿ 8 ಮಿಲಿಮೀಟರು. ಒಂದು ಉಬ್ಬಿಗೆ ಒಂದಡಿಯೆಂದು ಹಿಡಿದರೆ, ಎಂಟು ಉಬ್ಬುಗಳ ಇಟ್ಟಿಗೆಯ ಅಗಲವು ನಮ್ಮ ಗೋಡೆಯ ದಪ್ಪವೇ ಆಯಿತು, ಎರಡು ಇಟ್ಟಿಗೆಗಳ ಉದ್ದವು ಒಂದು ಅಂಕಣವಾಯಿತು! ಡೆನ್ಮಾರ್ಕಿನವರು ನಮ್ಮ ಹಳ್ಳಿಯ ಗೌಂಡಿಯನ್ನು ಕೇಳಿಯೇ ಅಚ್ಚು ಹಾಕಿಸಿದರೋ ಎಂದು ಹುಡುಗನಿಗೆ ಚೇಷ್ಟೆ ಮಾಡಿದೆವು.

ಗೋಡೆಗಳು ಸೇರಿ ಹೊರಗಿನಿಂದ ಮನೆಯು 28 ಅಡಿ ಅಗಲ, 36 ಅಡಿ ಉದ್ದ. ಇಷ್ಟೆಯೇ? ನಮ್ಮ ನೆನಪಿನಲ್ಲಿ ಅದೊಂದು ದೊಡ್ಡ ವಾಡೆಯಾಗಿದ್ದಿತು. ಒಲೆಯಿಂದ ಬಚ್ಚಲಿಗೆ ಎಷ್ಟು ದೂರವೆಂದು ಕೇಳಲು ತಾಯಿಯವರು ಎದ್ದು ನಿಂತು, ಕಣ್ಣು ಮುಚ್ಚಿ, ಇಂಡಿಯ ಪಡಸಾಲೆಯಲ್ಲಿಯೇ ಏಳು ಹೆಜ್ಜೆ ನಡೆದು ನಿಂತರು. ಅಲ್ಲಿಲ್ಲದ ಕಂಬವನ್ನು ಹಿಡಿಯಲು ಕೈ ಚಾಚಿದರು. ಮನೆಯವರೆಲ್ಲರೂ ಆ ಕೈಯನ್ನು ನೋಡಿದೆವು, ಯಾರೂ ಮಾತಾಡಲಿಲ್ಲ.

ಹೊರಗೋಡೆಯ ಒಂದೊಂದು ಸಾಲಿಗೆ ಎಂಟು ಉಬ್ಬಿನ ಇಟ್ಟಿಗೆಗಳು ಮೂವತ್ತು ಬೇಕು. ಎಂಟು ಸಾಲಿಗೆ ಇನ್ನೂರ ನಲವತ್ತು. ಸಣ್ಣಪುಟ್ಟವನ್ನೆಲ್ಲ ಕೂಡಿಸಿದರೂ ನಮ್ಮ ಪೆಟ್ಟಿಗೆಯು ಮೂರನೆಯ ಸಾಲಿಗೆ ಬರಿದಾಯಿತು. ಆಗ ಹುಡುಗನು, “ಸಿಂದಗಿ ದೊಡ್ಡಪ್ಪಾರ ಮೊಮ್ಮಗನ ಹಂತೇಕ ಇವ ಅದಾವ,” ಎಂದನು. ಮಕ್ಕಳು ದೂರವಾಣಿಯಲ್ಲಿ ಮಾತಾಡಿಕೊಳ್ಳುತ್ತಿದ್ದರೆಂಬುದು ನಮಗೆ ಅಂದೇ ತಿಳಿದದ್ದು. ನಾವು ಸುಮ್ಮನಾದೆವು, ತಾಯಿಯವರು ಸುಮ್ಮನಾಗಲಿಲ್ಲ. ಮರುದಿನವೇ ಹುಡುಗನನ್ನೂ ನಮ್ಮನ್ನೂ ಸಿಂದಗಿಯ ಬಸ್ಸಿಗೆ ಹತ್ತಿಸಿದರು.

ಅಣ್ಣನವರು ಕಟ್ಟೆಯ ಮೇಲೆ ಕುಳಿತಿದ್ದರು. ಹುಡುಗನು ಕಾಲಿಗೆ ನಮಸ್ಕರಿಸಿ ನೇರವಾಗಿ, “ದೊಡ್ಡಪ್ಪಾರ, ತಲಬಾಗಿಲ ಎಷ್ಟ ಅಗಲ ಇತ್ತರಿ? ಐದ ಫೂಟ ಬಿಟ್ಟೀವಿ,” ಎಂದು ಕೇಳಿಬಿಟ್ಟನು. ಯಾವ ಮಾತನ್ನು ನಾವಿಬ್ಬರೂ ಇಷ್ಟು ವರ್ಷ ಎತ್ತಿರಲಿಲ್ಲವೋ ಅದೇ ಮಾತು! ಅವರು ಒಮ್ಮೆ ನಮ್ಮ ಮುಖವನ್ನು ನೋಡಿ, ಹಿತ್ತಲ ಕೊಟ್ಟಿಗೆಗೆ ಕರೆದೊಯ್ದರು. ಗೋಣಿತಟ್ಟಿನ ಕೆಳಗೆ ತಲೆಬಾಗಿಲು ಗೋಡೆಗೆ ಒರಗಿ ನಿಂತಿದ್ದಿತು. ಚೌಕಟ್ಟಿನ ಬುಡಕ್ಕೆ ಗೆದ್ದಲು ಹತ್ತಿದ್ದಿತು. ಹೊಸ ಮನೆಯ ಬಾಗಿಲ ಸಂದಿಗೆ ಅದು ದೊಡ್ಡದಾಯಿತಂತೆ; ಕೊಯ್ದು ಸಣ್ಣದು ಮಾಡಬೇಕೆಂದು ಬಡಿಗರು ಹೇಳಿದರಂತೆ. “ಅಪ್ಪಾರ ಮಾಡಿಸಿದ್ದು. ಕೊಯ್ಸಾಕ ಮನಸಾಗಲಿಲ್ಲೋ ತಮ್ಮಾ,” ಎಂದರು. ಅವರು ಸುಖವಾಗಿ ಆ ಬಾಗಿಲಿನಿಂದ ಹೋಗಿಬರುತ್ತಿರುವರೆಂದು ಭಾವಿಸಿ ನಾವು ಎಷ್ಟು ವರ್ಷಗಳ ಸಿಟ್ಟನ್ನು ಸಾಕಿದ್ದೆವು! ಅಳತೆ ಹಿಡಿದೆವು: ಮೂರೂವರೆ ಅಡಿ. ಅರ್ಧ ಉಬ್ಬಿನ ಇಟ್ಟಿಗೆಯಿಲ್ಲವೆಂದು ಹುಡುಗನು ನಾಲ್ಕು ಮಾಡಿಕೊಂಡನು. ಇಟ್ಟಿಗೆಗಳ ಚೀಲವನ್ನು ಹೊತ್ತು ಅಣ್ಣನವರೂ ನಮ್ಮೊಡನೆ ಇಂಡಿಗೆ ಬಂದರು.

ಮುಂದಿನದೆಲ್ಲ ಸುಗಮವಾಯಿತೆಂದಲ್ಲ, ಜಗಳಗಳಾದವು, ಆದರೆ ಬೇರೆ ಬಗೆಯವು. ಹಗೇವು ಪಡಸಾಲೆಯಲ್ಲಿದ್ದಿತೆಂದು ಅಣ್ಣನವರು, ಅಂಗಳದಲ್ಲಿದ್ದಿತೆಂದು ನಾವು. ಬೆಳಕಿಂಡಿಯು ಎಲ್ಲಿತ್ತೆಂಬುದನ್ನು ಮುದ್ದೇಬಿಹಾಳದಿಂದ ತಂಗಿಯು ತೀರ್ಮಾನಿಸಿದಳು: ಬೀಸುವಾಗ ಬೆಳಗಿನ ಬಿಸಿಲು ತನ್ನ ಎಡಗೈ ಮೇಲೆ ಬೀಳುತ್ತಿದ್ದಿತೆಂದು ಹೇಳಿದಳು, ಬೀಸುಕಲ್ಲಿನ ಜಾಗವು ಗೊತ್ತಿದ್ದುದರಿಂದ ಬೆಳಕಿಂಡಿಯೂ ಸಿಕ್ಕಿತು. ಮೇ ತಿಂಗಳಲ್ಲಿ ಹಿನ್ನೀರು ಇಳಿದು ಹಳೆಯ ಊರಿನ ಬುನಾದಿಗಳು ಕೆಸರಿನಲ್ಲಿ ತಲೆಯೆತ್ತಿದಾಗ, ತಮ್ಮನು ಟೇಪು ಹಿಡಿದು ಹೋದನು. ಒಳಗಿನ ಉದ್ದವು 32 ಅಡಿಯಾಗದೆ 31 ಬಂದಿತು. ತಾಯಿಯವರಿಗೆ ಆಗ ನೆನಪಾಯಿತು: ಒಂದು ಮಳೆಗಾಲದಲ್ಲಿ ಪಡುವಣ ಗೋಡೆಯು ಬಿದ್ದು, ಮತ್ತೆ ಕಟ್ಟುವಾಗ ಅದನ್ನು ಒಂದಡಿ ದಪ್ಪ ಮಾಡಿದ್ದರು. ನಾವು ಆ ಗೋಡೆಗೆ ಒಂದು ಸಾಲು ಉಬ್ಬು ಹೆಚ್ಚಿಸಿದೆವು. ಹಗೇವಿನ ಬಾಯಿಯೂ ತಮ್ಮನಿಗೆ ಕಂಡಿತು, ಪಡಸಾಲೆಯಲ್ಲಿಯೇ. ಸೋತೆವೆಂದು ಒಪ್ಪಿಕೊಂಡೆವು.

ಮೇಲ್ಮುದ್ದೆಯನ್ನು ಹಾಕದೆ, ಒಳಗೆಲ್ಲ ಕಾಣುವಂತೆ ಬಿಟ್ಟೆವು. ಒಂದು ಮೊಳದಷ್ಟೂ ಉದ್ದವಿಲ್ಲದ, ಕೆಂಪು ಹಳದಿ ನೀಲಿ ಬೆರೆತ ಆ ಮನೆಯು ನೋಡುವವರಿಗೆ ಸುಂದರವಲ್ಲ. ತಾಯಿಯವರು ಬೆರಳನ್ನು ತಲೆಬಾಗಿಲಿನಿಂದ ಒಳಗೆ ನಡೆಯಿಸಿ, ಪಡಸಾಲೆ ದಾಟಿ, ದೇವರ ಜಗಲಿಯ ಮುಂದೆ ಒಂದು ಕ್ಷಣ ನಿಲ್ಲಿಸಿ, ಒಲೆಯ ಹತ್ತಿರ ಇಟ್ಟರು.

ಮನೆಯು ಹದಿನೈದು ದಿನ ಕಪಾಟಿನ ಮೇಲಿದ್ದಿತು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕೆಂದು ನಮ್ಮ ಆಶೆ. ಶಾಲೆ ತೆರೆಯುವ ಮುಂಚೆ ಸಿಂದಗಿಯ ಮೊಮ್ಮಗನು ತನ್ನ ಇಟ್ಟಿಗೆಗಳನ್ನು ಕೇಳಿದನು. ನಾವು ಹಿಂದೆ ಮುಂದೆ ನೋಡುತ್ತಿರಲು ತಾಯಿಯವರೇ, “ಕೂಸಿನ ಆಟಿಗಿ ಸಾಮಾನ ಹಿಡ್ಕೊಂಡು ಕುಂದ್ರಬ್ಯಾಡ್ರಿ. ಬಿಚ್ಚಿ ಕೊಡ್ರಿ,” ಎಂದರು. ಬಿಚ್ಚುವ ಮೊದಲು ಹುಡುಗನು ಚೌಕಳಿಯ ಕಾಗದದ ಮೇಲೆ, ಒಂದು ಚೌಕಕ್ಕೆ ಒಂದಡಿಯಂತೆ, ಮನೆಯ ನಕಾಶೆಯನ್ನು ಬರೆದನು. ಕಂಬ, ಒಲೆ, ಹಗೇವು, ಬೀಸುಕಲ್ಲು, ಬೆಳಕಿಂಡಿ ಎಲ್ಲವನ್ನೂ ಗುರುತಿಸಿದನು. ಅದರ ಪ್ರತಿಗಳು ಈಗ ಸಿಂದಗಿ, ಮುದ್ದೇಬಿಹಾಳ, ಹೊಸ ಊರು, ಇಂಡಿ, ನಾಲ್ಕೂ ಮನೆಗಳಲ್ಲಿವೆ. ತಲೆಬಾಗಿಲಿಗೆ ಅಣ್ಣನವರು ಗೆದ್ದಲಿನ ಔಷಧ ಹೊಡೆಸಿದ್ದಾರೆ. ತಮ್ಮನು ಹೊಸ ಮನೆ ಕಟ್ಟಿಸುವಾಗ ಅದರ ಅಳತೆಗೇ ಸಂದಿ ಬಿಡಿಸಬೇಕೆಂದು ಮಾತಾಗಿದೆ.

ದೊಡ್ಡದಾಗಿ ಬಾಳಿದ ಮನೆಯನ್ನು ಸಣ್ಣದಾಗಿ ಕಟ್ಟಿ ನೋಡಿದಾಗಲೇ, ಅದರಲ್ಲಿ ಯಾವುದನ್ನು ಯಾರು ಬಲ್ಲರೆಂಬುದು ನಮಗೆ ತಿಳಿದದ್ದು. ಇಡೀ ಮನೆಯನ್ನು ಬಲ್ಲವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ನಾಲ್ಕು ಊರುಗಳಲ್ಲಿ ಅದು ಹಂಚಿಹೋಗಿದ್ದಿತು. ನಮ್ಮ ವಾಚಕರ ಮನೆಗಳು ಯಾವ ನೀರಿಗೂ ಸಿಗದೆ ನೂರ್ಕಾಲ ನಿಲ್ಲಲಿ. ಆದರೂ ಈ ಬರುವ ರಜೆಯಲ್ಲಿ ಮಕ್ಕಳ ಕೈಗೊಂದು ಟೇಪನ್ನೂ ಚೌಕಳಿಯ ಕಾಗದವನ್ನೂ ಕೊಟ್ಟು, ಮನೆಯ ಹಿರಿಯರನ್ನು ಅವರ ಬಳಿಯಲ್ಲಿ ಕೂಡ್ರಿಸಿರಿ. ಕೇಳಬೇಕಾದವರು ಇನ್ನೂ ಇರುವಾಗಲೇ ಕೇಳಿಕೊಂಡಿರುವದು ಒಳ್ಳೆಯದು.