ಓಟಿಪಿ ಹೋಗಿದ್ದು ಮಗನ ಫೋನಿಗೆ

ಪ್ರಾಡಕ್ಟ್ ಮ್ಯಾನೇಜರ್ ಅಂದ್ರೆ ಏನು ಕೆಲಸ ಅಂತ ಊರಲ್ಲಿ ಅಪ್ಪ ಕೇಳಿದಾಗಲೆಲ್ಲ, 'ಏನು ಮಾಡಬೇಕು ಅಂತ ಹೇಳೋರು ಅವರು, ಮಾಡೋರು ನಾವು' ಅಂತಿದ್ದೆ. ಈಗ ಹಾಗೆ ಹೇಳೋಕೂ ಆಗಲ್ಲ.

ನಮ್ಮ ಮೇಡಂ ಮೊದಲು ಒಂದು ಫೀಚರ್ ಬೇಕಂದ್ರೆ ಹದಿನೈದು ಪುಟ ಬರೀತಿದ್ದರು. ನಾವು ಓದಿದ ಹಾಗೆ ಮಾಡ್ತಿದ್ದೆವು. ಈಗ ಭಾನುವಾರ ಎಐಗೆ ಮಾತಲ್ಲೇ ಹೇಳಿ ಮಾಡಿಸಿ, ಸೋಮವಾರ ಓಡುವ ಮಾದರಿಯನ್ನೇ ತರ್ತಾರೆ. ಆಂಡ್ರೇ ಕಾರ್ಪಥಿ 2025ರಲ್ಲಿ 'ವೈಬ್ ಕೋಡಿಂಗ್' ಅಂತ ಹೆಸರಿಟ್ಟರಲ್ಲ, ಅದೇ. "ಆಗೇ ಹೋಗಿದೆಯಲ್ಲ, ಲೈವ್ ಮಾಡಿ" ಅಂದಾಗ ಮಾತ್ರ ಮೈ ಉರಿಯುತ್ತೆ. ನಡುವೆ ನೆಟ್‌ವರ್ಕ್ ಹೋದರೆ ಏನಾಗಬೇಕು ಅಂತ ಆ ಮಾದರಿಗೆ ಗೊತ್ತಿರಲ್ಲ. ಇರಲಿ, ಹದಿನೈದು ಪುಟಕ್ಕಿಂತ ವಾಸಿ.

ನನ್ನ ಚಿಂತೆ ಬೇರೆ. ನಮ್ಮದು ರೈತರಿಗೆ ಬೀಜ, ಗೊಬ್ಬರ ತರಿಸಿಕೊಡುವ ಆ್ಯಪ್. ಬರುವ ದೂರಿನ ಕರೆಗಳನ್ನೆಲ್ಲ ಈಗ ಎಐ ಕೇಳಿ, ಗುಂಪು ಮಾಡಿ, ಒಂದು ಪುಟದ ಸಾರಾಂಶ ಕೊಡುತ್ತೆ. ಹೋದ ಸಲ ಮೊದಲ ಸಾಲೇ 'ಓಟಿಪಿ ತೊಂದರೆ'. ಪರಿಹಾರವನ್ನೂ ಅದೇ ಬರೆದಿತ್ತು: ಓಟಿಪಿ ಬೇಗ ಕಳಿಸಿ, ಮತ್ತೆ ಕಳಿಸುವ ಬಟನ್ ದೊಡ್ಡದು ಮಾಡಿ. ಮೇಡಂ ಯಾಕೋ, ಹತ್ತು ಕರೆ ನಾನೇ ಕೇಳ್ತೀನಿ ಅಂತ ಕೂತರು. ಅವರಿಗೆ ಕನ್ನಡ ಅಷ್ಟಕ್ಕಷ್ಟೆ, ಹಾಗಾಗಿ ಪಕ್ಕದಲ್ಲಿ ನಾನು. ನಾಲ್ಕನೇ ಕರೆ ಹಾವೇರಿ ಕಡೆಯ ಅಜ್ಜ ಒಬ್ಬರದ್ದು. "ನಂಬರ್ ಮಗಂದು ಐತ್ರಿ. ಅಂವಾ ಬೆಂಗಳೂರಾಗ ಇರ್ತಾನ, ಡ್ಯೂಟಿ ಮ್ಯಾಲ ಇದ್ರ ಫೋನ್ ಎತ್ತಂಗಿಲ್ಲ." ಇನ್ನೂ ಮೂರು ಕರೆಗಳಲ್ಲಿ ಇದೇ ಕಥೆ. ಓಟಿಪಿ ತಕ್ಷಣವೇ ಹೋಗಿತ್ತು, ಮಗನ ಫೋನಿಗೆ. ನಮ್ಮಪ್ಪನ ಗ್ಯಾಸ್ ಬುಕಿಂಗಿಗೂ ನನ್ನದೇ ನಂಬರು!

ಬಟನ್ ಕೈಬಿಟ್ಟು, ಖಾತೆಗೆ ಎರಡನೇ ನಂಬರ್ ಸೇರಿಸುವ ಸೌಲಭ್ಯ ಮಾಡಿದೆವು.

ಈ ಹುದ್ದೆಯ ಬೇರು 1931ರಲ್ಲಿದೆ ಅಂತಾರೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನ ನೀಲ್ ಮೆಕೆಲ್‌ರಾಯ್, ಒಂದೊಂದು ಬ್ರಾಂಡಿಗೂ ಪ್ರತ್ಯೇಕ ಹೊಣೆಗಾರರು ಬೇಕು ಅಂತ ಮೂರು ಪುಟದ ಟಿಪ್ಪಣಿ ಬರೆದರು. ಮಾರಾಟ ಬಿದ್ದ ಕಡೆ ಆತ ಖುದ್ದಾಗಿ ಹೋಗಿ ಅಂಗಡಿಯವರನ್ನೂ ಕೊಳ್ಳುವವರನ್ನೂ ನೋಡಬೇಕು ಅನ್ನೋದು ಅದರಲ್ಲೇ ಇದೆ. ಸ್ಲೈಡು, ಮೀಟಿಂಗ್ ಟಿಪ್ಪಣಿ, ಹದಿನೈದು ಪುಟ ಇವೆಲ್ಲ ಆಮೇಲೆ ಅಂಟಿಕೊಂಡಿದ್ದು. ಎಐ ಅವನ್ನು ಕಿತ್ತುಕೊಂಡು ಹೋದರೆ ಮೇಡಂಗೆ ಕರೆ ಕೇಳೋಕೆ ಪುರುಸೊತ್ತು ಸಿಗಬೇಕಿತ್ತು.

ಮೇಲಿನವರ ಲೆಕ್ಕವೇ ಬೇರೆ. ಎಐ ಇದೆಯಲ್ಲ ಅಂತ ಈ ತಿಂಗಳಿಂದ ಅವರಿಗೆ ಇನ್ನೆರಡು ಟೀಮ್ ಕೊಟ್ಟಿದ್ದಾರೆ. ಕರೆ ಕೇಳೋಕೆ ಅಂತ ಬುಧವಾರ ಮೂರು ಗಂಟೆಗೆ ನಾವಿಬ್ಬರೂ ಇಟ್ಟುಕೊಂಡಿದ್ದ ಸಮಯ ಎರಡು ವಾರದಿಂದ ರದ್ದಾಗಿದೆ.