ತೂಬಿನ ಊರು, ಕಾಳೆಗದ ಕಲ್ಲು

ಬೆಳಿಗ್ಗೆ ಆರೂವರೆಗೆ ಮಾರತ್ತಹಳ್ಳಿ ಬ್ರಿಜ್ ಹತ್ತಿರ ನಿಂತರೆ ಸಿಲ್ಕ್ ಬೋರ್ಡ್ ಕಡೆಯ 500-ಡಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗುತ್ತದೆ. ಕಾಡುಬೀಸನಹಳ್ಳಿ, ದೇವರಬೀಸನಹಳ್ಳಿ, ಬೆಳ್ಳಂದೂರು, ಇಬ್ಬಲೂರು. ಹೊರಗೆ ಗಾಜಿನ ಕಟ್ಟಡಗಳ ಸಾಲು, ಸ್ಟಾಪುಗಳ ಹೆಸರು ಮಾತ್ರ ಹಳ್ಳಿಯವೇ. ಅಗರದಲ್ಲಿ ಇಳಿಯಿರಿ.

ಕೆರೆಯ ಪಕ್ಕ ಜನ ವಾಕಿಂಗ್ ಶುರು ಮಾಡಿದ್ದಾರೆ. ಒಂದು ಕ್ಷಣ ನೀರಿನ ಕಡೆ ತಿರುಗಿ ನಿಲ್ಲಿ. ಸುಮಾರು 870ರಲ್ಲಿ, ಗಂಗರ ಸತ್ಯವಾಕ್ಯ ಪೆರ್ಮಾನಡಿಯ ಕಾಲದಲ್ಲಿ, ಈ ಸೀಮೆ ನಾಗತ್ತರನ ಆಳ್ವಿಕೆಯಲ್ಲಿತ್ತು. ಸಿರಿಮಯ್ಯನ ಮಗ ಇರುಗಮಯ್ಯ ಎರಡು ಕೆರೆಗಳಿಗೆ ತೂಬು ಇಡಿಸಿದ, ಮೂಡಣ ಕೆರೆಯನ್ನು ಕಟ್ಟಿಸಿದ, ಮೂರಕ್ಕೂ ಬಿತ್ತುವಟ್ಟ ಪಡೆದ. ಕೆರೆಯ ಕೆಲಸ ಮಾಡಿಸಿದವನಿಗೆ ಭೂಮಿಯಲ್ಲಿ ಸಲ್ಲುತ್ತಿದ್ದ ಪಾಲು ಅದು. ಇಷ್ಟನ್ನೂ ಅಗರದ ಶಾಸನ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಆಗ ಡೇನರ ದೊಡ್ಡ ದಂಡು ಇಳಿದು ಐದು ವರ್ಷವಾಗಿತ್ತು. ಮರುವರ್ಷ, 871ರಲ್ಲಿ, ಆಲ್ಫ್ರೆಡ್ ವೆಸೆಕ್ಸಿನ ಪಟ್ಟಕ್ಕೆ ಬಂದ.

ಅಲ್ಲಿಂದ ಬೊಮ್ಮನಹಳ್ಳಿ ದಾಟಿ ಬೇಗೂರು. ಪಂಚಲಿಂಗೇಶ್ವರ ದೇವಸ್ಥಾನದ ಆವರಣಕ್ಕೆ ಬಿಸಿಲು ಏರುವ ಮುಂಚೆಯೇ ಬಂದುಬಿಡಿ. ಬೆಳಕು ಓರೆಯಾಗಿ ಬಿದ್ದಾಗಲೇ ಕಲ್ಲಿನ ಅಕ್ಷರಗಳು ಎದ್ದು ಕಾಣುವುದು. ಬಗ್ಗಿ ನೋಡಿ, ಬೆರಳಿಂದ ಉಜ್ಜಬೇಡಿ. ಅಂಕುಡೊಂಕಾಗಿ ಕಂಡರೂ ಇವು ಕನ್ನಡದ ದುಂಡು ಅಕ್ಷರಗಳೇ, ಕಾಲ ಸುಮಾರು 890. ಬೆಂಗುಳೂರ ಕಾಳೆಗದಲ್ಲಿ ನಾಗತ್ತರನ ಮನೆಯವನಾದ ಬುಟ್ಟಣ ಸತ್ತ ಎನ್ನುತ್ತದೆ ಈ ಶಾಸನ. ನಮ್ಮ ನಗರದ ಹೆಸರು ಸಿಗುವ ಅತಿ ಹಳೆಯ ಬರಹಗಳಲ್ಲಿ ಇದು ಒಂದು. ಆ ಹೆಸರು ಒಂದು ಸಾವಿನ ಜೊತೆ ಬಂದಿದೆ ಎಂಬುದು ಇಲ್ಲಿ ನಿಂತಾಗಲೆಲ್ಲ ನನ್ನನ್ನು ತಟ್ಟುತ್ತದೆ.

793ರಲ್ಲಿ ವೈಕಿಂಗರು ಮೊದಲು ಕೊಳ್ಳೆ ಹೊಡೆದ ಮಠಗಳಲ್ಲೊಂದು ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪದಲ್ಲಿತ್ತು. ಅಲ್ಲಿಯೂ ಒಂಬತ್ತನೇ ಶತಮಾನದ ಒಂದು ಸಮಾಧಿಗಲ್ಲು ಉಳಿದಿದೆ. ಒಂದು ಮೈಯಲ್ಲಿ ಏಳು ಮಂದಿ ಸಾಲಾಗಿ ಕೊಡಲಿ, ಕತ್ತಿ ಎತ್ತಿ ನಡೆದಿದ್ದಾರೆ. ಇನ್ನೊಂದು ಮೈಯಲ್ಲಿ ಶಿಲುಬೆ, ಮಂಡಿಯೂರಿದ ಇಬ್ಬರು, ಮೇಲೆ ಸೂರ್ಯ ಮತ್ತು ಚಂದ್ರ. ನಮ್ಮ ವೀರಗಲ್ಲುಗಳ ನೆತ್ತಿಯಲ್ಲೂ ಅದೇ ಸೂರ್ಯಚಂದ್ರರು. ಎರಡು ಕಡೆಯ ಶಿಲ್ಪಿಗಳು ಒಬ್ಬರನ್ನೊಬ್ಬರು ಕೇಳಿಯೂ ಅರಿಯರು, ಅರ್ಥವೂ ಬೇರೆ ಬೇರೆ. ಆದರೆ ಲಿಂಡಿಸ್‌ಫಾರ್ನ್ ಕಲ್ಲಿನ ಆ ಏಳು ಜನ ಯಾರೆಂದು ಕಲ್ಲು ಹೇಳುವುದಿಲ್ಲ. ಬೇಗೂರಿನ ಕಲ್ಲು ಹೆಸರು ಹೇಳುತ್ತದೆ. ಅದೇ 890ರ ದಶಕದಲ್ಲಿ ಆಲ್ಫ್ರೆಡನ ಕಾಲದ ಇಂಗ್ಲಿಷರು ಆಂಗ್ಲೋ ಸ್ಯಾಕ್ಸನ್ ವೃತ್ತಾಂತವನ್ನು ಲ್ಯಾಟಿನ್ ಬಿಟ್ಟು ತಮ್ಮ ನುಡಿಯಲ್ಲೇ ತೊಗಲಿನ ಹಾಳೆಗಳ ಮೇಲೆ ಬರೆದರು. ಅಲ್ಲಿ ಮುಖ್ಯವಾಗಿ ಅರಸರ ಕಥೆ. ಇಲ್ಲಿ ಒಬ್ಬ ಪ್ರಾಂತ್ಯಾಧಿಪತಿಯ ಮನೆಯವನಿಗೂ ಊರೊಳಗೇ, ಜನರ ಕನ್ನಡದಲ್ಲೇ, ಒಂದು ಕಲ್ಲು.

ನಾಗತ್ತರನನ್ನು ನೋಡಬೇಕಾದರೆ ಕಸ್ತೂರಬಾ ರಸ್ತೆಗೆ ಹೋಗಬೇಕು. ಬೇಗೂರಿನ ದೊಡ್ಡ ವೀರಗಲ್ಲು ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದರ ಮುಂದೆ ಅವಸರ ಬೇಡ. ಆನೆ, ಕುದುರೆ, ಕಾಲಾಳು ಒಬ್ಬರ ಮೇಲೊಬ್ಬರು ಬಿದ್ದ ಹಾಗೆ ನೆರೆದಿದ್ದಾರೆ, ಕೆತ್ತಿದವನು ಖಾಲಿ ಜಾಗವನ್ನೇ ಬಿಟ್ಟಿಲ್ಲ. ಗಂಗರ ಎರೆಯಪ್ಪ ಕಳಿಸಿದ ಸೈನ್ಯದೊಡನೆ ಹೋದ ನಾಗತ್ತರ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಎದುರು ಕಾದಿದ. ಕಾಳೆಗ ಬಿಗಿಯಾದಾಗ ಆನೆಗಳ ನಡುವೆ ನುಗ್ಗಿ ಮಡಿದ. ಅವನ ಪಟ್ಟವನ್ನು ಎರೆಯಪ್ಪ ಇರುಗನೆಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಊರುಗಳ ಗುಂಪನ್ನು ಕಲ್ನಾಡಾಗಿ, ಅಂದರೆ ಕೊಡುಗೆಯ ಭೂಮಿಯಾಗಿ, ಕೊಟ್ಟ. ಅಗರದಲ್ಲಿ ತೂಬು ಇಡಿಸಿದವನೇ ಈ ಇರುಗ ಎಂದು ನನಗೆ ಬಲವಾಗಿ ಅನಿಸುತ್ತದೆ. ಬೆಂಪೂರು ಅಂದರೆ ಇವತ್ತಿನ ಬೇಗೂರು. ಶಾಸನ ಆ ಊರುಗಳನ್ನು ಒಂದೊಂದಾಗಿ ಹೆಸರಿಸುತ್ತದೆ, ಅದರಲ್ಲಿ ಇಗ್ಗಲೂರೂ ಇದೆ. ಚಂದಾಪುರದ ಹತ್ತಿರ ಆ ಹೆಸರಿನ ಊರು ಈಗಲೂ ಇದೆ.